ಇಬ್ಬನಿ ಆರುವ ಮುನ್ನ

ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎಂಬ ಹೆಸರಿನ ಊರು ಎರಡಿವೆ. ಮೈಸೂರು ರಸ್ತೆಯಲ್ಲಿರುವುದು ಒಂದು. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆ ಹಿಡಿದು ಯಲಹಂಕದ ಕಡೆಗೆ ಹೋಗುವಾಗ ಸಿಗುವುದು ಇನ್ನೊಂದು. ಈ ವಾರದ ಮಾತು ಎರಡನೆಯ ಊರಿನದು. 2007ರಲ್ಲಿ ಈ ಊರು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿತು. ಮರುವರ್ಷ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಈಗ ರಸ್ತೆಯ ಮೇಲೊಂದು ರಸ್ತೆ, ಅದರ ಕೆಳಗೆ ವಾಹನಗಳ ಸಾಲು. ಒಂದೆರಡು ತಲೆಮಾರಿನ ಹಿಂದೆ ಇಲ್ಲಿಯೂ, ಪಕ್ಕದ ಅಮೃತಹಳ್ಳಿ, ಕೊಡಿಗೇಹಳ್ಳಿ, ಜಕ್ಕೂರುಗಳಲ್ಲಿಯೂ ಕಾರ್ತಿಕ ಮಾಸ ಬಂತೆಂದರೆ ಕಣ್ಣು ಹಾಯಿಸಿದಷ್ಟು ದೂರವೂ ರಾಗಿ ಹೊಲ. ತೆನೆ ಮುಷ್ಟಿ ಕಟ್ಟಿ ಕಂದು ಬಣ್ಣಕ್ಕೆ ತಿರುಗಿತೆಂದರೆ ಮನೆಮಂದಿಗೆಲ್ಲ ನಿದ್ದೆ ಕಡಿಮೆ.

ಅಂಥ ಒಂದು ಒಕ್ಕಲು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರು ಎಕರೆ ಖುಷ್ಕಿ ಹೊಲ, ಒಂದು ಜೊತೆ ಎತ್ತು, ಎರಡು ಹಸು. ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ, ಐದಾರು ಮಕ್ಕಳು. ಆಷಾಢದ ಮಳೆಗೆ ಬಿತ್ತಿದ ರಾಗಿ ನಾಲ್ಕು ತಿಂಗಳಿಗೆ ಕೊಯ್ಲಿಗೆ ಬಂದಿದೆ. ಸಾಲುಗಳ ನಡುವೆ ಅಕ್ಕಡಿಯಾಗಿ ಹಾಕಿದ ಅವರೆ, ತೊಗರಿ, ಹುಚ್ಚೆಳ್ಳು ಇನ್ನೂ ಹಸಿರಾಗಿ ನಿಂತಿವೆ. ಇನ್ನು ಎರಡು ತಿಂಗಳು ಈ ಮನೆಯ ದಿನಚರಿಯನ್ನು ನಡೆಸುವುದು ಗಡಿಯಾರವಲ್ಲ. ಇಬ್ಬನಿ, ಬಿಸಿಲು ಮತ್ತು ಗಾಳಿ.

ಕೋಳಿ ಕೂಗುವ ಹೊತ್ತಿಗೆ ಅವ್ವ ಎದ್ದು ಒಲೆ ಹಚ್ಚುತ್ತಾಳೆ. ಅಪ್ಪ ಎತ್ತುಗಳಿಗೆ ಮೇವು ಹಾಕಿ, ಕುಡುಗೋಲುಗಳನ್ನು ಕಲ್ಲಿಗೆ ಉಜ್ಜಿ ಹರಿತ ಮಾಡುತ್ತಾನೆ. ಬೆಳಕು ಹರಿಯುವ ಮೊದಲೇ ಎಲ್ಲರೂ ಹೊಲದಲ್ಲಿ. ಚಳಿಗೆ ಕೈಬೆರಳು ಮಡಿಚಲು ಬಾರದು, ಕಾಲಿಗೆ ಇಬ್ಬನಿ ತಗುಲಿ ಒದ್ದೆ. ಇಷ್ಟು ಕಷ್ಟಪಟ್ಟು ಆ ಹೊತ್ತಿನಲ್ಲೇ ಏಕೆ ಕೊಯ್ಯಬೇಕು? ಎಂಟು ಗಂಟೆಗೆ ಹೋಗಿ ಹಾಯಾಗಿ ಕೊಯ್ಯಬಾರದೆ?

ಅಜ್ಜಿಯ ಉತ್ತರ ಒಂದೇ ಸಾಲಿನದು: “ಬೇಗ ಕುಯ್ರವ್ವ, ಬಿಸಿಲು ಬಿದ್ರೆ ಕಾಳೆಲ್ಲ ಭೂಮ್ತಾಯಿ ಪಾಲು.”

ಇದರ ಹಿಂದಿನ ಕಾರಣವನ್ನು ನೋಡೋಣ. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ನೆಲವೂ ಪೈರೂ ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ತೆನೆಯ ಉಷ್ಣತೆ ಸುತ್ತಲಿನ ಗಾಳಿಗಿಂತಲೂ ಕೆಳಗಿಳಿಯುತ್ತದೆ. ಆಗ ಗಾಳಿಯಲ್ಲಿನ ನೀರಿನ ಆವಿ ತೆನೆಯ ಮೇಲೆ ಹನಿಯಾಗಿ ಕೂರುತ್ತದೆ. ಈ ತೇವಕ್ಕೆ ಕಾಳನ್ನು ಹಿಡಿದಿರುವ ಸಿಪ್ಪೆ ಮೆತ್ತಗಾಗಿ ಬಾಗುತ್ತದೆ, ಮುರಿಯುವುದಿಲ್ಲ. ಕುಡುಗೋಲಿನ ಎಳೆತಕ್ಕೆ ಕಾಳು ಜಾರದು. ಬಿಸಿಲೇರಿ ತೇವ ಆರಿದೊಡನೆ ಅದೇ ಸಿಪ್ಪೆ ಗರಿಗರಿಯಾಗುತ್ತದೆ. ಮುಟ್ಟಿದರೆ ಕಾಳು ಉದುರುತ್ತದೆ. ಸಾವಿರ ರಾಗಿ ಕಾಳು ತೂಗಿದರೆ ಸುಮಾರು ಎರಡೂವರೆ, ಮೂರು ಗ್ರಾಂ ಮಾತ್ರ. ಒಂದು ಕಿಲೋ ಎಂದರೆ ಮೂರೂವರೆ ಲಕ್ಷ ಕಾಳಿನ ಆಸುಪಾಸು. ನೆಲಕ್ಕೆ ಬಿದ್ದ ಕಾಳನ್ನು ಆರಿಸಿಕೊಳ್ಳುವ ಮಾತೇ ಇಲ್ಲ.

ಹತ್ತು ಗಂಟೆಯ ಹೊತ್ತಿಗೆ ಕುಕ್ಕೆಯಲ್ಲಿ ಊಟ ಬರುತ್ತದೆ. ಬಿಸಿ ಮುದ್ದೆ, ಅದೇ ಹೊಲದ ಅವರೆಕಾಯಿ ಸುಲಿದು ಮಾಡಿದ ಸಾರು, ಕುಡಿಯಲು ಮಜ್ಜಿಗೆ. ಇಬ್ಬನಿ ಬಿದ್ದ ಅವರೆಯ ಸೊಗಡಿನ ಮುಂದೆ ಪೇಟೆಯ ಅವರೆ ಏನೇನೂ ಅಲ್ಲ. ಊಟಕ್ಕೆ ಕೂತವರಲ್ಲಿ ಮನೆಯವರಷ್ಟೇ ಇರುವುದಿಲ್ಲ. ಪಕ್ಕದ ಹೊಲದವರು ಮುಯ್ಯಾಳಾಗಿ ಬಂದಿದ್ದಾರೆ. ಇಂದು ನೀವು ನಮ್ಮ ಹೊಲಕ್ಕೆ ನಾಲ್ಕು ಆಳು ಬಂದಿರಿ, ನಾಡಿದ್ದು ನಾವು ನಿಮ್ಮ ಹೊಲಕ್ಕೆ ನಾಲ್ಕು ಆಳು ಬರುತ್ತೇವೆ. ಕೂಲಿ ಇಲ್ಲ, ಪುಸ್ತಕದಲ್ಲಿ ಬರೆದಿಡುವುದೂ ಇಲ್ಲ. ಆದರೆ ಲೆಕ್ಕ ಮಾತ್ರ ಯಾರೂ ಮರೆಯರು. ರಾಗಿ ಎಲ್ಲರ ಹೊಲದಲ್ಲೂ ಒಂದೇ ವಾರದಲ್ಲಿ ಮಾಗುವಾಗ, ಕೈಯಲ್ಲಿ ದುಡ್ಡಿಲ್ಲದ ಮನೆಗಳು ಕಂಡುಕೊಂಡ ದಾರಿ ಇದು.

ಕೊಯ್ದ ರಾಗಿಯನ್ನು ಹಿಡಿಹಿಡಿಯಾಗಿ ಹೊಲದಲ್ಲೇ ಹರಡಿ ಕೆಲವು ದಿನ ಒಣಗಲು ಬಿಡುತ್ತಾರೆ. ಇಡೀ ವರ್ಷದಲ್ಲಿ ಅತ್ಯಂತ ಆತಂಕದ ದಿನಗಳು ಇವೇ. ನಿಂತ ಪೈರಿಗೆ ಬೇರಿನ ಆಸರೆಯಿದೆ, ಮೆದೆಗೆ ಮೇಲು ಹೊದಿಕೆಯಿದೆ. ನೆಲದ ಮೇಲೆ ಮಲಗಿದ ರಾಗಿಗೆ ಏನೂ ಇಲ್ಲ. ನವೆಂಬರ್ ತಿಂಗಳು ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುವ ಕಾಲ. ಚೆನ್ನೈ ಕಡೆಯಿಂದ ಹೊರಟ ಮೋಡ ಒಂದೆರಡು ದಿನದಲ್ಲಿ ಬೆಂಗಳೂರಿನ ಮೇಲಿರುತ್ತದೆ. ಅದಕ್ಕೇ ವಿಶಾಖ, ಅನೂರಾಧ ಮಳೆಗಳ ಹೆಸರು ಕೇಳಿದರೆ ರಾಗಿ ಬೆಳೆಯುವವರ ಮುಖ ಬಾಡುತ್ತಿದ್ದುದು.

ಇದು ಹಳೆಯ ಕಾಲದ ಕತೆಯಷ್ಟೇ ಅಲ್ಲ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆಯ ನೀರು ಬಡಾವಣೆಗಳಿಗೆ ನುಗ್ಗಿ, ಜನ ದೋಣಿಯಲ್ಲಿ ಮನೆಯಿಂದ ಹೊರಬಂದ ಚಿತ್ರಗಳನ್ನು ಎಲ್ಲರೂ ನೋಡಿದರು. ಅದೇ ಮಳೆಯಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರು ಜಿಲ್ಲೆಗಳ ರಾಗಿ ಹೊಲಗಳಲ್ಲಿ ಪೈರು ನೆಲಕ್ಕೊರಗಿತು. ತೆನೆಯಲ್ಲೇ ಕಾಳು ಮೊಳೆಯಿತು. ನಗರದವರಿಗೆ ಅದು ಪ್ರವಾಹದ ಸುದ್ದಿ. ರಾಗಿ ಬೆಳೆದವರಿಗೆ ಅದು ಒಂದು ವರ್ಷದ ಊಟದ, ದನದ ಮೇವಿನ ಸುದ್ದಿ. ಮಳೆಗೆ ನೆನೆದು ಕಪ್ಪಾದ ಹುಲ್ಲನ್ನು ಎಮ್ಮೆಯೂ ಮೂಸಿ ನೋಡಿ ಬಿಡುತ್ತದೆ.

ತೆನೆಯಲ್ಲೇ ಮೊಳೆಯುವುದೆಂದರೇನು? ಮಾಗಿದ ಕಾಳಿನೊಳಗೆ ಪಿಷ್ಟವಿದೆ. ಅದು ಮುಂದಿನ ಸಸಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ನೀರು ಸೋಕಿದೊಡನೆ ಕಾಳು ಅಮೈಲೇಸ್ ಎಂಬ ಕಿಣ್ವವನ್ನು ಸಿದ್ಧಮಾಡಿಕೊಂಡು ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ನೆನೆದ ಕಾಳಿಗೆ ತಾನಿರುವುದು ಹೊಲದ ಮಣ್ಣಿನಲ್ಲೋ, ಕೊಯ್ದ ತೆನೆಯಲ್ಲೋ ಎಂಬುದು ತಿಳಿಯದು. ತಮಾಷೆಯೆಂದರೆ ಇದೇ ಕ್ರಿಯೆಯನ್ನು ಅಡುಗೆಮನೆಯಲ್ಲಿ ಅಜ್ಜಿ ಬೇಕೆಂದೇ ಮಾಡಿಸುತ್ತಾಳೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ವಸ್ತ್ರಗಾಳಿ ಮಾಡಿದರೆ ಕೂಸಿಗೆ ಉಣಿಸುವ ಸರಿ ಹಿಟ್ಟು. ಪಿಷ್ಟ ಆಗಲೇ ಅರ್ಧ ಒಡೆದಿರುವುದರಿಂದ ಎಳೆಯ ಹೊಟ್ಟೆಗೆ ಸುಲಭ. ಡಬ್ಬಿಯಲ್ಲಿ ಬರುವ ರಾಗಿ ಮಾಲ್ಟ್ ಕೂಡ ಇದೇ. ಅಡುಗೆಮನೆಯಲ್ಲಿ ಪೌಷ್ಟಿಕ ಆಹಾರವೆನಿಸುವ ಮೊಳಕೆ ಹೊಲದಲ್ಲಿ ಬಂದರೆ ಮಣ್ಣುಪಾಲು. ಬೂಷ್ಟು ಹಿಡಿದ ಆ ಕಾಳನ್ನು ಕೊಳ್ಳುವವರಿಲ್ಲ. 2024-25ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 4290 ರೂಪಾಯಿ. ಮಳೆ ಚೆನ್ನಾಗಿ ಆದ ವರ್ಷ ಎಕರೆಗೆ ಹತ್ತು ಕ್ವಿಂಟಲ್ ಬಂದರೆ ಎಷ್ಟಾಯಿತು, ಎರಡು ದಿನದ ಮಳೆ ಎಷ್ಟನ್ನು ಕಸಿದುಕೊಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಗುಣಿಸಿ ನೋಡಬಹುದು.

ಒಣಗಿದ ರಾಗಿಯನ್ನು ಕಂತೆ ಕಟ್ಟಿ ತಂದು ಮೆದೆ ಹಾಕುತ್ತಾರೆ. ಮೆದೆ ಹಾಕುವುದು ಎಲ್ಲರಿಗೂ ಒಲಿಯುವ ಕೆಲಸವಲ್ಲ. ತೆನೆ ಒಳಕ್ಕೆ, ಬುಡ ಹೊರಕ್ಕೆ ಬರುವಂತೆ ಸುತ್ತಲೂ ಜೋಡಿಸುತ್ತ, ಮೇಲೆ ಹೋದಂತೆ ಕಿರಿದು ಮಾಡುತ್ತ, ಕೊನೆಗೆ ಗೋಪುರದಂತೆ ಮುಗಿಸಬೇಕು. ಹೊರಗಿನ ಹುಲ್ಲು ಹೆಂಚಿನಂತೆ ಕೆಲಸ ಮಾಡಿ ನೀರನ್ನು ಇಳಿಜಾರಿಗೆ ಬಿಡುತ್ತದೆ; ಕಾಳು ಒಳಗೆ ಬೆಚ್ಚಗಿರುತ್ತದೆ. ಒಂದೆರಡು ತಿಂಗಳು ಹೀಗಿದ್ದರೆ ಒಳಗಿನ ಶಾಖಕ್ಕೆ ತೆನೆ ಹದವಾಗಿ, ಮುಂದೆ ಕಾಳು ಸುಲಭವಾಗಿ ಬಿಡುತ್ತದೆ. ಹಸಿಯಿದ್ದಾಗ ಮೆದೆ ಹಾಕಿದರೆ ಅದೇ ಶಾಖ ಮಿತಿಮೀರಿ ಕಾಳು ಕಮಟುತ್ತದೆ. ಆದ್ದರಿಂದಲೇ ಅಪ್ಪ ಮೆದೆ ಹಾಕುವ ಮೊದಲು ತೆನೆಯಿಂದ ನಾಲ್ಕು ಕಾಳು ಬಿಡಿಸಿ ಹಲ್ಲಿಗೆ ಕಚ್ಚಿ ನೋಡುವುದು. ‘ಕಟ್’ ಎಂದರೆ ಸರಿ. ಮೆತ್ತಗೆ ಚಪ್ಪಟೆಯಾದರೆ ಇನ್ನೆರಡು ದಿನ ಬಿಸಿಲು ಬೇಕು. ಕಾಳನ್ನು ಚೀಲಕ್ಕೆ ತುಂಬುವಾಗ ತೇವಾಂಶ ನೂರಕ್ಕೆ ಹನ್ನೆರಡು ಮೀರಬಾರದೆಂದು ಪುಸ್ತಕಗಳು ಹೇಳುತ್ತವೆ. ಮಾಪಕವಿಲ್ಲದ ಮನೆಯಲ್ಲಿ ಆ ಪರೀಕ್ಷೆ ಮಾಡುತ್ತಿದ್ದುದೂ ಇದೇ ಹಲ್ಲು.

ಸಂಕ್ರಾಂತಿಯ ಆಸುಪಾಸಿಗೆ ಕಣ. ನೆಲ ಕೆತ್ತಿ, ಹುಲ್ಲು ಕಿತ್ತು, ನೀರು ಚಿಮುಕಿಸಿ, ಎತ್ತುಗಳಿಂದ ತುಳಿಸಿ ಗಟ್ಟಿ ಮಾಡುತ್ತಾರೆ. ಮೇಲೆ ಸಗಣಿ ನೀರಿನಿಂದ ಸಾರಿಸುತ್ತಾರೆ. ಸಗಣಿಯಲ್ಲಿರುವ ನಾರು ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುವುದರಿಂದ ನೆಲ ಬಿರಿಯುವುದಿಲ್ಲ. ರಾಗಿಗೆ ಮಣ್ಣು ಸೇರುವುದೂ ಕಡಿಮೆ. ಕಣದ ನಡುವೆ ಮೇಟಿ ಕಂಬ. ಹರಡಿದ ರಾಗಿಯ ಮೇಲೆ ಎತ್ತುಗಳು ರೋಣಗಲ್ಲನ್ನು ಎಳೆಯುತ್ತ ಸುತ್ತುತ್ತವೆ. ಕೆಲವು ಕಡೆ ಇದನ್ನು ಗುಂಡು ಎಂದೂ ಕರೆಯುತ್ತಾರೆ. ಹಳೆಯ ರೋಣಗಲ್ಲು ಸಿಕ್ಕಿದರೆ ಎರಡು ತುದಿಗಳನ್ನೂ ಅಳೆದು ನೋಡಿ. ಎಷ್ಟೋ ಕಲ್ಲುಗಳಲ್ಲಿ ಒಂದು ತುದಿ ತುಸು ಸಣ್ಣದಿರುತ್ತದೆ. ಕೆತ್ತಿದವನ ಕೈತಪ್ಪಲ್ಲ ಅದು. ಬಾಯಿ ಅಗಲ, ತಳ ಕಿರಿದಾದ ಸ್ಟೀಲ್ ಲೋಟವನ್ನು ನೆಲದ ಮೇಲೆ ಉರುಳಿಸಿದರೆ ಅದು ನೇರ ಹೋಗದೆ ವೃತ್ತಾಕಾರವಾಗಿ ತಿರುಗುತ್ತದಲ್ಲವೆ? ಒಂದು ಸುತ್ತಿಗೆ ದೊಡ್ಡ ತುದಿ ಹೆಚ್ಚು ದೂರ, ಸಣ್ಣ ತುದಿ ಕಡಿಮೆ ದೂರ ಹೋಗುವುದೇ ಕಾರಣ. ಸಣ್ಣ ತುದಿಯನ್ನು ಮೇಟಿಯ ಕಡೆಗಿಟ್ಟರೆ ಕಲ್ಲು ತಾನಾಗಿ ಕಣದ ಸುತ್ತ ತಿರುಗುತ್ತದೆ. ಎತ್ತಿನ ಹೆಗಲಿಗೆ ಅಷ್ಟು ಹಗುರ.

ಮಧ್ಯಾಹ್ನದ ಸುಡುಬಿಸಿಲೇ ಒಕ್ಕಣೆಗೆ ಒಳ್ಳೆಯ ಹೊತ್ತು. ಕೊಯ್ಯುವಾಗ ಯಾವ ಗರಿಗರಿತನಕ್ಕೆ ಹೆದರಿ ನಸುಕಿನಲ್ಲಿ ಎದ್ದು ಓಡಿದರೋ ಅದೇ ಗರಿಗರಿತನ ಈಗ ಬೇಕು. ಒಕ್ಕಿದ ಹುಲ್ಲನ್ನು ಕೊಡವಿ ಬಣವೆಗೆ ಸಾಗಿಸಿದ ಮೇಲೆ ಉಳಿಯುವುದು ಕಾಳು, ಹೊಟ್ಟು, ಜೊಳ್ಳುಗಳ ರಾಶಿ. ಇನ್ನು ಗಾಳಿಯ ದಾರಿ ಕಾಯಬೇಕು. ಆ ತಿಂಗಳುಗಳಲ್ಲಿ ಈ ಕಡೆ ಬೀಸುವುದು ಮೂಡಗಾಳಿ. ಎತ್ತರದಲ್ಲಿ ನಿಂತು ಮೊರದಿಂದ ಮೆಲ್ಲನೆ ಸುರಿದರೆ ಗಟ್ಟಿ ಕಾಳು ಕಾಲ ಬುಡದಲ್ಲಿ, ಜೊಳ್ಳು ಸ್ವಲ್ಪ ಆಚೆ, ಹೊಟ್ಟು ಇನ್ನೂ ಆಚೆ ಬೀಳುತ್ತದೆ. ಗಾಳಿಯ ತಳ್ಳು ಎಲ್ಲಕ್ಕೂ ಉಂಟು. ಆದರೆ ಗಾತ್ರಕ್ಕೆ ತಕ್ಕ ತೂಕವುಳ್ಳದ್ದು ಬೇಗ ಕೆಳಗಿಳಿಯುವುದರಿಂದ ಅದನ್ನು ದೂರ ಒಯ್ಯಲು ಗಾಳಿಗೆ ಹೊತ್ತು ಸಾಲದು. ರಾಗಿ ತೀರ ಸಣ್ಣ ಕಾಳು, ಬಿರುಗಾಳಿಯಾದರೆ ಹೊಟ್ಟಿನ ಜೊತೆ ತಾನೂ ಹಾರಿಹೋಗುತ್ತದೆ. ಗಾಳಿ ಹದವಾಗಿರಬೇಕು. ಗಾಳಿ ನಿಂತರೆ ಎಲ್ಲರೂ ಕೈಕಟ್ಟಿ ಕೂರಬೇಕು.

ಗಾಳಿಯಿಂದ ಆಗದ ಕೆಲಸವೊಂದು ಉಳಿಯುತ್ತದೆ. ಕಾಳಿನಷ್ಟೇ ತೂಕದ ಮರಳು ಕಾಳಿನ ಜೊತೆಯಲ್ಲೇ ಬೀಳುತ್ತದೆ. ಅದನ್ನು ಬೇರೆ ಮಾಡುವುದು ಅವ್ವ, ಚಿಕ್ಕವ್ವನ ಕೈಯ ಮೊರ. ಕೇರುವುದು ಬೇರೆ, ಒನೆಯುವುದು ಬೇರೆ. ಮಣಿಕಟ್ಟಿನ ಒಂದೊಂದು ಕುಲುಕಿಗೆ ಕಾಳು ಒಂದು ಮೂಲೆಗೆ, ಕಲ್ಲು ಒಂದು ಮೂಲೆಗೆ ಸರಿಯುತ್ತದೆ. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ, ಯಾರೂ ವಿದ್ಯೆ ಎಂದು ಕರೆಯಲಿಲ್ಲ. ಸುಗ್ಗಿಯ ಹಾಡು ಹಸೆಗಳನ್ನು ನೆನೆದು ಮೆಚ್ಚುವವರು ಇದನ್ನೂ ನೆನೆಯಬೇಕು: ಹದಿನಾರು ಗಂಟೆ ದುಡಿದ ಮೈಮೇಲೆ ರಾಗಿ ಸುಂಕು ಕೆರೆತ, ಕೆಮ್ಮು. ಬೆನ್ನು ಬಗ್ಗಿಸಿ ಕೊಯ್ದವರೂ ಹೆಚ್ಚಾಗಿ ಹೆಂಗಸರೇ, ಮನೆಗೆ ಹೋಗಿ ಮುದ್ದೆ ತೊಳಸಿದವರೂ ಅವರೇ.

ಮಕ್ಕಳ ವಿಷಯವೂ ಅಷ್ಟೇ. ಕೊಯ್ಲಿನ ತಿಂಗಳಲ್ಲಿ ಹಳ್ಳಿ ಶಾಲೆಯ ಹಾಜರಿ ಪುಸ್ತಕ ತೆರೆದರೆ ಅರ್ಧ ಹೆಸರುಗಳ ಮುಂದೆ ಗೈರುಹಾಜರಿ. ಗಂಡುಹುಡುಗ ಎತ್ತಿನ ಹಿಂದೆ, ಹೆಣ್ಣುಹುಡುಗಿ ತಮ್ಮನನ್ನು ಎತ್ತಿಕೊಂಡು ಬದುವಿನ ಮೇಲೆ. ಗಂಡುಹುಡುಗ ಸುಗ್ಗಿ ಮುಗಿದ ಮೇಲೆ ಶಾಲೆಗೆ ಮರಳುತ್ತಿದ್ದ. ಹೆಣ್ಣುಹುಡುಗಿ ಎಷ್ಟೋ ಸಲ ಮರಳುತ್ತಲೇ ಇರಲಿಲ್ಲ. ಕಣದಲ್ಲಿ ಕಲಿತದ್ದು ದೊಡ್ಡದೇ ನಿಜ. ಶಾಲೆಯಲ್ಲಿ ಕಳೆದುಕೊಂಡದ್ದಕ್ಕೆ ಅದು ಬದಲಿಯಾಗಲಿಲ್ಲ. ಇವತ್ತಿನ ತಂದೆತಾಯಿಯರಲ್ಲಿ ಹಲವರಿಗೆ ಈ ಮಾತಿನ ನೋವು ಗೊತ್ತಿದೆ.

ರಾತ್ರಿ ಕಣ ಕಾಯಲು ಅಜ್ಜನೋ ಚಿಕ್ಕಪ್ಪನೋ ಮಲಗುತ್ತಿದ್ದರು. ಹುಡುಗರು ಹಠ ಹಿಡಿದು ಜೊತೆಗೆ ಹೋಗುತ್ತಿದ್ದರು. ಹುಲ್ಲಿನೊಳಗೆ ಹುದುಗಿ ಮೇಲೆ ನೋಡಿದರೆ ಕೃತ್ತಿಕೆಯ ಗೊಂಚಲು. ನವೆಂಬರ್ ಕೊನೆಗೆ ಅದು ನೆತ್ತಿಗೆ ಬರುವುದು ನಡುರಾತ್ರಿಗೆ. ಕಣದ ಹೊತ್ತಿಗೆ, ಜನವರಿ ನಡುವಿನಲ್ಲಿ, ರಾತ್ರಿ ಎಂಟರ ಸುಮಾರಿಗೇ ನೆತ್ತಿಯಲ್ಲಿರುತ್ತದೆ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಮುಂಚಿತವಾಗಿ ಹುಟ್ಟುತ್ತವೆಂಬ ಪಾಠ ಹೀಗೆ ಕಣ್ಣಿಗೇ ಕಾಣುತ್ತಿತ್ತು.

ರಾಶಿಗೆ ಪೂಜೆಯಾದ ಮೇಲೆ ಅಳತೆ. ಮೊದಲ ಕೊಳಗವನ್ನು ‘ಒಂದು’ ಎನ್ನುವುದಿಲ್ಲ, ‘ಲಾಭ’ ಎನ್ನುತ್ತಾರೆ. ಎಣಿಕೆ ‘ಎರಡು’ ಎಂದು ಮುಂದುವರಿಯುತ್ತದೆ. ಕಮ್ಮಾರ, ಬಡಗಿ, ಅಗಸ ಮುಂತಾದವರ ಆಯ ಕಣದಲ್ಲೇ ಸಲ್ಲುತ್ತದೆ. ಉಳಿದದ್ದು ಮನೆಗೆ. ಹೆಚ್ಚು ಬೆಳೆದ ವರ್ಷ ಹಗೇವಿಗೆ.

ಹಗೇವು ಎಂದರೆ ಗಟ್ಟಿ ನೆಲದಲ್ಲಿ ತೋಡಿದ ದೊಡ್ಡ ಹೂಜಿಯಂಥ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆ ರಾಗಿ ಹುಲ್ಲು ಹಾಸಿ, ಕಾಳು ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷಗಟ್ಟಲೆ ರಾಗಿ ಕೆಡುವುದಿಲ್ಲ. ರಾಗಿಯಲ್ಲಿ ಕೊಬ್ಬು ಕಡಿಮೆ, ಸಿಪ್ಪೆ ಗಟ್ಟಿ, ಹುಳುವಿಗೆ ಕಾಳೇ ತೀರ ಸಣ್ಣದು. ಇದರ ಮೇಲೆ ಇನ್ನೊಂದು ಕಾರಣವಿದೆ. ಕಾಳಿಗೆ ಜೀವವಿದೆ, ಅದು ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ನಿಧಾನವಾಗಿ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಹುಪ್ಪಟೆಗೆ ಅಲ್ಲಿ ಬಾಳಲಾಗದು.

ಮನುಷ್ಯನಿಗೂ ಬಾಳಲಾಗದು. ಬರಗಾಲದಲ್ಲಿ ಆತುರದಿಂದ ಹಗೇವಿಗೆ ಇಳಿದವರು ಮೇಲೆ ಬರದಿದ್ದುದುಂಟು. ಎತ್ತಲು ಇಳಿದ ಅಣ್ಣನೂ ಒಳಗೇ ಉಳಿದದ್ದುಂಟು. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಾಯಿ ತೆರೆದ ಮಾತ್ರಕ್ಕೆ ಹೊರಗೆ ಬಾರದು. ಅದಕ್ಕೇ ಹಿರಿಯರು ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗಿಳಿಸುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಇದು ಸರಿಯಾದ ಪರೀಕ್ಷೆಯೇ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಭಾಗ. ಅದು ಸುಮಾರು 16ಕ್ಕೆ ಇಳಿದರೆ ಜ್ವಾಲೆ ಆರುತ್ತದೆ. ಮನುಷ್ಯ ಕುಸಿದು ಬೀಳುವುದು ಇನ್ನೂ ಕೆಳಗೆ ಹೋದಾಗ. ಆದರೆ ವಿದ್ಯಾರ್ಥಿಗಳು ಗಮನಿಸಬೇಕು: ಒಳಚರಂಡಿಯ ಗುಂಡಿಗೆ, ಶೌಚದ ಗುಂಡಿಗೆ ಈ ಉಪಾಯ ಸಲ್ಲದು. ಅಲ್ಲಿ ಹೊತ್ತಿಕೊಳ್ಳುವ ಮೀಥೇನ್ ಇರುತ್ತದೆ, ದೀಪ ಆರುವ ಮೊದಲೇ ಕೊಲ್ಲುವ ಹೈಡ್ರೊಜನ್ ಸಲ್ಫೈಡ್ ಇರುತ್ತದೆ.

ಬ್ಯಾಟರಾಯನಪುರದ ಹಗೇವುಗಳ ಮೇಲೆ ಈಗ ಮನೆಗಳಿವೆ. ರಾಗಿ ನೋಡಬೇಕೆಂದರೆ ಹೆದ್ದಾರಿಯ ಪಕ್ಕದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಬೇಲಿಯೊಳಗೆ ಹೋಗಬೇಕು. ಈ ಭಾಗದಲ್ಲಿ ಕೃಷಿ ಸಂಶೋಧನೆಗೆ ಹಳೆಯ ಬೇರಿದೆ. 1899ರಲ್ಲಿ ಮೈಸೂರಿನ ಮಹಾರಾಣಿಯವರು ಕೊಟ್ಟ 30 ಎಕರೆಯಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರ ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂತು. ರಾಗಿ ತಳಿಯ ದೊಡ್ಡ ತಿರುವು ಮಾತ್ರ ಮಂಡ್ಯದ ವಿ.ಸಿ. ಫಾರಂನದು. ಅಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಇಂಡಿಯ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ. ಬೆಂಕಿರೋಗವನ್ನು ತಡೆದುಕೊಳ್ಳುವ ಜಿಪಿಯು-28 ಎಂಬ ತಳಿ 1990ರ ದಶಕದಲ್ಲಿ ಬ್ಯಾಟರಾಯನಪುರದ ಪಕ್ಕದ ಈ ಕೇಂದ್ರದಿಂದಲೇ ಹೊರಬಂತು. ಅದರ ವಂಶದಲ್ಲಿ ಇಂಡಾಫ್ ತಳಿಗಳಿವೆ.

ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ರಾಗಿ ಇನ್ನೂ ಉಂಟು. ಕೊಯ್ಲಿಗೆ ಯಂತ್ರ ಬಂದಿದೆ, ಬೆನ್ನು ಉಳಿಯಿತು, ಬೇಡವೆನ್ನಲು ಕಾರಣವಿಲ್ಲ. ಕಣವಿಲ್ಲದವರು ಟಾರು ರಸ್ತೆಯ ಮೇಲೆ ರಾಗಿ ಹರಡಿ ಬಸ್ಸು ಲಾರಿಗಳಿಂದ ಒಕ್ಕಿಸುವುದು ಮಾತ್ರ ಒಳ್ಳೆಯದಲ್ಲ. ಹುಲ್ಲಿನ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ, ಬಿಸಿ ಸೈಲೆನ್ಸರಿಗೆ ಹುಲ್ಲು ತಗುಲಿ ಬೆಂಕಿ ಹೊತ್ತುತ್ತದೆ, ರಾಗಿಗೆ ಟಾರು ಕಲ್ಲು ಸೇರುತ್ತದೆ.

ಬೀಜದ ರಾಗಿಯನ್ನು ಆ ಮನೆಯಲ್ಲಿ ಕಣಕ್ಕೆ ಹಾಕುತ್ತಲೇ ಇರಲಿಲ್ಲ. ಹೊಲದ ನಡುವೆ ನಿಂತ ಪೈರಿನಲ್ಲೇ, ರೋಗ ತಾಗದ, ಬೆರಳುಗಳು ತುಂಬಿದ ತೆನೆಗಳನ್ನು ಅಜ್ಜಿ ಮೊದಲೇ ಆರಿಸಿ ಕೊಯ್ದು ಬೇರೆ ಇಡುತ್ತಿದ್ದಳು. ರಾಗಿಯ ಹೂವು ಬಹುಪಾಲು ತನ್ನದೇ ಪರಾಗದಿಂದ ಫಲಿಸುವುದರಿಂದ ತಾಯಿಯಂತೆಯೇ ಮಗಳು; ತಳಿ ಕೆಡುವುದು ಕಣದಲ್ಲಿ ಬೇರೆ ಕಾಳು ಬೆರೆತರೆ ಮಾತ್ರ ಎಂದರೂ ಸರಿಯೇ. ಆ ತೆನೆಗಳನ್ನು ಚಾಪೆಯ ಮೇಲೆ ಕೋಲಿನಿಂದ ಬಡಿದು, ಕಾಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಒಲೆಯ ಹೊಗೆ ತಾಗುವ ಅಟ್ಟದ ತೊಲೆಗೆ ನೇತುಹಾಕುತ್ತಿದ್ದಳು. ಎಕರೆಗೆ ನಾಲ್ಕೈದು ಕಿಲೋ ಸಾಕು. ಹಬ್ಬಕ್ಕೆ ಹಿಟ್ಟು ಮುಗಿದರೂ ಆ ಗಂಟಿಗೆ ಯಾರೂ ಕೈ ಹಾಕುವಂತಿರಲಿಲ್ಲ. ಆಷಾಢದಲ್ಲಿ ನೆಲ ಹದವಾದ ದಿನ ಅಪ್ಪ ಏಣಿ ಹಾಕಿ ಅದನ್ನು ಇಳಿಸುತ್ತಿದ್ದ.